ಸದ್ದಿಲ್ಲದೆ ಬರುವ ರೋಗಗಳೂ ಕಾಯ್ಕಿಣಿಯಂಥ ಊರುಗಳೂ

ಉತ್ತರ ಕನ್ನಡ ಜಿಲ್ಹೆಗೆ ವರ್ಗವಾಯಿತೆಂದರೆ ಮುಂಬಯಿ ಇಲಾಖೆಯ ಸರಕಾರಿ ನೌಕರನು ಎದೆಗುಂದುತ್ತಿದ್ದ ಕಾಲವೊಂದಿದ್ದಿತು. ಕಾಡಿನ ಹುಲಿಗಿಂತಲೂ ಚಳಿಜ್ವರದ ಅಂಜಿಕೆಯೇ ಅವನಿಗೆ ಹೆಚ್ಚಾಗಿದ್ದಿತು. ಘಟ್ಟದ ಸೆರಗಿನ ಎಷ್ಟೋ ಹಳ್ಳಿಗಳು ಮಲೇರಿಯಾದ ಬಾಧೆಯಿಂದ ಬಡವಾಗಿ, ದುಡಿಯುವ ಕೈಗಳಿಲ್ಲದೆ ಗದ್ದೆ ತೋಟಗಳು ಹಾಳುಬಿದ್ದ ಸಂಗತಿಯನ್ನು ತಮ್ಮ ಹಿರಿಯರ ಬಾಯಿಂದ ಕೇಳಿದವರು ಈಗಲೂ ಇದ್ದಾರೆ. ೧೯೪೬ರ ಸುಮಾರಿಗೆ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಕಾನಡಾ ಮತ್ತು ಧಾರವಾಡ ಜಿಲ್ಹೆಗಳಲ್ಲಿ ಮನೆಯ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವು ಮೊದಲಾಯಿತು. ಭರತಖಂಡದ ನಾಗರಿಕ ಜನತೆಯ ಸಲುವಾಗಿ ಇಷ್ಟು ವಿಸ್ತಾರವಾಗಿ ನಡೆದ ಮೊದಮೊದಲಿನ ಪ್ರಯೋಗಗಳಲ್ಲಿ ಅದೂ ಒಂದು. ಅದರ ಅನುಭವವು ೧೯೫೩ರಲ್ಲಿ ಹುಟ್ಟಿದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಈ ಕಾರ್ಯವು ದವಾಖಾನೆಯಲ್ಲಿ ಕುಳಿತು ಮಾಡುವಂಥದ್ದಾಗಿರಲಿಲ್ಲ. ಮನೆಮನೆಯ ಬಾಗಿಲಿನಲ್ಲಿ ನಡೆಯಬೇಕಾದದ್ದಾಗಿದ್ದಿತು ಎಂಬದನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಆ ಶತ್ರುವು ನಡುಕ ಹುಟ್ಟಿಸಿಯೇ ಬರುತ್ತಿದ್ದನು. ಕಂಬಳಿ ಹೊದ್ದು ಮಲಗಿದವನಿಗೆ ತಾನು ರೋಗಿಯೆಂದು ಬೇರೊಬ್ಬರು ಹೇಳಬೇಕಾಗಿರಲಿಲ್ಲ. ಈಗ ನಮ್ಮ ಮನೆಗಳನ್ನು ಹೊಕ್ಕಿರುವ ರೋಗಗಳು ಹಾಗಲ್ಲ. ರಕ್ತದ ಒತ್ತಡವು ಏರಿದವನು ಎಂದಿನಂತೆ ಉಂಡು, ಎಂದಿನಂತೆ ವ್ಯವಹರಿಸಿ, ಎಂದಿನಂತೆ ನಿದ್ದೆಹೋಗುತ್ತಾನೆ. ಮಧುಮೇಹವು ವರುಷಗಟ್ಟಲೆ ಒಳಗೊಳಗೇ ಕಣ್ಣು, ಮೂತ್ರಪಿಂಡ, ಕಾಲಿನ ನರಗಳನ್ನು ಕೊರೆಯುತ್ತಿರುವಾಗಲೂ ಮನುಷ್ಯನು ತನಗೇನೂ ಆಗಿಲ್ಲವೆಂದೇ ತಿಳಿದಿರುತ್ತಾನೆ. ಒಂದು ದಿನ ಎದೆ ಹಿಡಿದುಕೊಳ್ಳುವದು, ಇಲ್ಲವೆ ಒಂದು ಪಕ್ಕದ ಕೈಕಾಲುಗಳು ಬಿದ್ದುಹೋಗುವವು. ಆಗ ಊರವರು, 'ನಿನ್ನೆಯ ವರೆಗೆ ಗಟ್ಟಿಮುಟ್ಟಾಗಿದ್ದನಲ್ಲ!' ಎಂದು ಅಚ್ಚರಿಪಡುತ್ತಾರೆ. ಒಬ್ಬರಿಂದೊಬ್ಬರಿಗೆ ಅಂಟದ ಈ ಬಗೆಯ ರೋಗಗಳನ್ನು ವೈದ್ಯರು ಅಸಾಂಕ್ರಾಮಿಕ ರೋಗಗಳೆಂದು ಕರೆಯುತ್ತಾರೆ. ಹೃದ್ರೋಗ, ಲಕ್ವ, ಮಧುಮೇಹ, ಕ್ಯಾನ್ಸರ್, ಉಬ್ಬಸದಂಥ ಬಹುಕಾಲದ ಶ್ವಾಸರೋಗಗಳು ಇವುಗಳಲ್ಲಿ ಮುಖ್ಯವಾದವು. ಜಗತ್ತಿನಲ್ಲಿ ಸಂಭವಿಸುವ ಮರಣಗಳಲ್ಲಿ ಸುಮಾರು ಮುಕ್ಕಾಲು ಪಾಲು ಇವುಗಳಿಂದಲೇ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದಲ್ಲಿ ೧೦ ಕೋಟಿಗೂ ಮಿಕ್ಕಿದ ಮಧುಮೇಹಿಗಳಿದ್ದಾರೆಂದೂ, ಆ ರೋಗದ ಹೊಸ್ತಿಲಲ್ಲಿ ನಿಂತವರು ೧೩ ಕೋಟಿಗೂ ಹೆಚ್ಚೆಂದೂ, ವಯಸ್ಕರಲ್ಲಿ ಶೇಕಡಾ ೩೫ರಷ್ಟು ಜನರಿಗೆ ರಕ್ತದ ಒತ್ತಡವು ಅಧಿಕವಾಗಿದೆಯೆಂದೂ ತಿಳಿಸಿದೆ. ಇದು ಪಟ್ಟಣದ ಸಿರಿವಂತರ ಕಾಯಿಲೆಯೆಂಬ ಹಳೆಯ ನಂಬಿಕೆಯನ್ನು ಇನ್ನಾದರೂ ಬಿಡತಕ್ಕದ್ದು.

ಕಾಯ್ಕಿಣಿಯನ್ನು ನಾವು ಏಕೆ ಎತ್ತಿಕೊಂಡೆವೆಂದರೆ, ಕರಾವಳಿಯ ಇಂಥ ನೂರಾರು ಊರುಗಳ ಕಷ್ಟವು ಅಲ್ಲಿ ಒಂದೆಡೆಯಲ್ಲಿ ಕಾಣುವಂತಿದೆ. ಕನ್ನಡ ಸಾಹಿತ್ಯದಲ್ಲಿ ತಂದೆ ಮಕ್ಕಳ ಮನೆತನದ ಹೆಸರಾಗಿ ಈ ಊರು ವಾಚಕರಿಗೆಲ್ಲ ಪರಿಚಿತವೇ. ಭಟ್ಕಳ ತಾಲೂಕಿನಲ್ಲಿ, ಮುರ್ಡೇಶ್ವರದ ನೆರೆಯಲ್ಲಿ, ಪಡುವಣದ ಕಡಲಿಗೂ ಮೂಡಣದ ಘಟ್ಟಕ್ಕೂ ನಡುವಿನ ಸಪೂರ ಪಟ್ಟಿಯಲ್ಲಿ ಅದಿದೆ. ಬೇಸಾಯಗಾರರು, ಮೀನುಗಾರರು, ಕೂಲಿಕಾರರು, ಅಂಗಡಿಕಾರರು, ಅರಬ್ ದೇಶಗಳಿಗೆ ದುಡಿಯಲು ಹೋದವರ ಮನೆಯವರು, ಹೀಗೆ ನಾನಾ ಬಗೆಯ ಜನರು ಈ ಸೀಮೆಯಲ್ಲಿದ್ದಾರೆ. ಹೆದ್ದಾರಿಯಿದೆ, ಕೊಂಕಣ ರೈಲ್ವೆಯಿದೆ. ಆದರೆ ಎದೆನೋವಿನಿಂದ ಬಿದ್ದವನಿಗೆ ಹೃದಯದ ನಾಳವನ್ನು ತೆರೆಯಿಸುವ ದೊಡ್ಡ ಆಸ್ಪತ್ರೆ ಬೇಕೆಂದರೆ ತೆಂಕಣಕ್ಕೆ ಮಣಿಪಾಲದ ವರೆಗೆ ಸುಮಾರು ನೂರು ಕಿಲೋಮೀಟರು ಓಡಬೇಕು. ಬಡಗಣದ ಕಾರವಾರದಲ್ಲಿ ಸರಕಾರದ ವೈದ್ಯಕೀಯ ವಿದ್ಯಾಲಯವಿದ್ದರೂ ಅದೂ ನೂರು ಕಿಲೋಮೀಟರಿಗೆ ಮೀರಿದ ದೂರವೇ.

೨೦೨೨ರ ಜುಲೈ ತಿಂಗಳಲ್ಲಿ ಹೊನ್ನಾವರದ ಕಡೆಯಿಂದ ರೋಗಿಯನ್ನು ಸಾಗಿಸುತ್ತಿದ್ದ ಆಂಬುಲೆನ್ಸು ಬೈಂದೂರಿನ ಬಳಿಯ ಶಿರೂರು ಟೋಲ್ ನಾಕೆಯಲ್ಲಿ ಮಗುಚಿಬಿದ್ದು ನಾಲ್ವರು ಪ್ರಾಣ ಕಳೆದುಕೊಂಡ ದುರ್ಘಟನೆಯನ್ನು ಈ ಜಿಲ್ಹೆಯವರು ಮರೆತಿಲ್ಲ. ಅದಾದ ಮೇಲೆ ಜಿಲ್ಹೆಗೊಂದು ಸುಸಜ್ಜಿತ ಉನ್ನತ ದರ್ಜೆಯ ಆಸ್ಪತ್ರೆ ಬೇಕೆಂಬ ಕೂಗು ಊರೂರಿನಿಂದ ಎದ್ದಿತು. ಆ ಕೂಗು ನ್ಯಾಯವಾದದ್ದು. ನಾವು ಅದಕ್ಕೆ ಸಂಪೂರ್ಣ ಬೆಂಬಲಿಗರು. ಆದರೆ ಆಸ್ಪತ್ರೆಯ ಕಟ್ಟಡವು ಏಳುವ ವರೆಗೆ ಕೈಕಟ್ಟಿ ಕೂಡ್ರುವ ಮಾತು ಸಲ್ಲದು. ಕಟ್ಟಡವು ಎದ್ದ ಮೇಲೆಯೂ ಅದರ ಬಾಗಿಲಿಗೆ ಹೋಗಬೇಕಾದವರ ಸಂಖ್ಯೆಯನ್ನು ತಗ್ಗಿಸುವದು ಊರಿನ ಕೈಯಲ್ಲಿಯೇ ಇದೆ. ದೊಡ್ಡ ಆಸ್ಪತ್ರೆಗೆ ದೂರವಾದ ಊರಿಗೆ ಮುನ್ನೆಚ್ಚರಿಕೆಯು ಹೆಚ್ಚು ಬೇಕೆಂಬದು ಕೂಸಿಗೂ ತಿಳಿಯುವ ಲೆಕ್ಕ.

ಈ ಕೆಲಸಕ್ಕೆ ಸರಕಾರದ ಯೋಜನೆಗಳಿಲ್ಲವೆಂದು ಯಾರೂ ಹೇಳುವಂತಿಲ್ಲ. ೨೦೧೦ರಲ್ಲಿ ಭಾರತ ಸರಕಾರವು ಈ ರೋಗಗಳ ತಡೆಗಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನು ಹೂಡಿತು. ೨೦೧೬-೧೭ರಿಂದ ಮೂವತ್ತು ವರುಷಕ್ಕೆ ಮೇಲ್ಪಟ್ಟ ಎಲ್ಲ ಸ್ತ್ರೀಪುರುಷರ ತಪಾಸಣೆಯನ್ನು ಕೈಕೊಳ್ಳುವದೆಂದು ಗೊತ್ತುಮಾಡಲಾಯಿತು. ರಕ್ತದ ಒತ್ತಡ, ಮಧುಮೇಹ, ಬಾಯಿಯ ಕ್ಯಾನ್ಸರ್, ಸ್ತ್ರೀಯರಲ್ಲಿ ಸ್ತನದ ಹಾಗೂ ಗರ್ಭಕೋಶದ ಕೊರಳಿನ ಕ್ಯಾನ್ಸರ್, ಈ ಐದಕ್ಕೆ ಪರೀಕ್ಷೆ. ಆಶಾ ಕಾರ್ಯಕರ್ತೆಯು ಮನೆಗೆ ಬಂದು ಒಂದು ನಮೂನೆಯನ್ನು ತುಂಬುತ್ತಾಳೆ. ವಯಸ್ಸೆಷ್ಟು, ತಂಬಾಕು ಉಂಟೇ, ಮದ್ಯ ಉಂಟೇ, ವಾರಕ್ಕೆ ನೂರೈವತ್ತು ನಿಮಿಷಗಳಷ್ಟಾದರೂ ಮೈಗೆ ದಣಿವಿದೆಯೇ, ಮನೆತನದಲ್ಲಿ ಈ ರೋಗಗಳಿವೆಯೇ ಎಂದು ಕೇಳುತ್ತಾಳೆ. ಟೇಪು ಹಿಡಿದು ನಡುವಿನ ಸುತ್ತಳತೆಯನ್ನು ನೋಡುತ್ತಾಳೆ. ಪುರುಷನಿಗೆ ೯೦ ಸೆಂಟಿಮೀಟರು, ಸ್ತ್ರೀಗೆ ೮೦ ಸೆಂಟಿಮೀಟರು ಮೀರಿತೆಂದರೆ ಅಂಕವು ಏರುವದು. ಒಟ್ಟು ಅಂಕವು ನಾಲ್ಕನ್ನು ದಾಟಿದವರು ಮೊದಲು ಪರೀಕ್ಷೆಗೆ ಬರಬೇಕು. ಉಳಿದವರಿಗೂ ಪರೀಕ್ಷೆ ತಪ್ಪಿದ್ದಲ್ಲ. ಒತ್ತಡವನ್ನೂ ಸಕ್ಕರೆಯನ್ನೂ ವರುಷಕ್ಕೊಮ್ಮೆ, ಕ್ಯಾನ್ಸರುಗಳನ್ನು ಐದು ವರುಷಕ್ಕೊಮ್ಮೆ ನೋಡತಕ್ಕದ್ದೆಂಬದು ಕ್ರಮ. ೨೦೧೮ರಿಂದ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯಾಧಿಕಾರಿಗಳನ್ನು ನೇಮಿಸುತ್ತ ಬರಲಾಗಿದೆ. ಕರ್ನಾಟಕ ಸರಕಾರವೂ ೨೦೨೪ರಲ್ಲಿ ಕೋಲಾರ ಜಿಲ್ಹೆಯಲ್ಲಿ 'ಗೃಹ ಆರೋಗ್ಯ'ವೆಂಬ ಯೋಜನೆಯನ್ನು ತೊಡಗಿ, ಮನೆಬಾಗಿಲಿನಲ್ಲಿಯೇ ಪರೀಕ್ಷಿಸಿ ಔಷಧವನ್ನು ಮುಟ್ಟಿಸುವ ಏರ್ಪಾಡನ್ನು ಮುಂದೆ ಇತರ ಜಿಲ್ಹೆಗಳಿಗೂ ಹರಡಿತು.

ಕಾಗದದ ಮೇಲೆ ಇದಕ್ಕಿಂತ ಅಚ್ಚುಕಟ್ಟಾದ ವ್ಯವಸ್ಥೆಯನ್ನು ಬಯಸಲಾಗದು. ತೊಡಕು ಇರುವದು ನಮೂನೆಯು ತುಂಬಿದ ಮೇಲೆ. ಒತ್ತಡವು ೧೬೦ ಇದೆಯೆಂದು ಬರೆದುಕೊಂಡು ಹೋದರೆ ೧೬೦ ತಾನಾಗಿ ಇಳಿಯದು. ವೈದ್ಯಶಾಸ್ತ್ರದಲ್ಲಿ ಅರ್ಧದ ನಿಯಮವೆಂದು ಒಂದು ಮಾತಿದೆ: ಒತ್ತಡವುಳ್ಳವರಲ್ಲಿ ಅರ್ಧ ಜನಕ್ಕೆ ಅದು ಗೊತ್ತೇ ಇರುವದಿಲ್ಲ, ಗೊತ್ತಿದ್ದವರಲ್ಲಿ ಅರ್ಧ ಜನ ಔಷಧ ಕೊಳ್ಳುವದಿಲ್ಲ, ಕೊಳ್ಳುವವರಲ್ಲಿಯೂ ಅರ್ಧ ಜನಕ್ಕೇ ಅದು ಹತೋಟಿಗೆ ಬಂದಿರುತ್ತದೆ. ಅಂದರೆ ಎಂಟು ಮಂದಿಯಲ್ಲಿ ಒಬ್ಬನು ಮಾತ್ರ ಸುರಕ್ಷಿತನು. ತಪಾಸಣೆಯು ಮೊದಲನೆಯ ಅರ್ಧವನ್ನು ತುಂಬಬಲ್ಲುದೇ ಹೊರತು ಉಳಿದೆರಡನ್ನು ತುಂಬಲಾರದು. ಅವೆರಡನ್ನು ತುಂಬತಕ್ಕದ್ದು ಲೋಕಶಿಕ್ಷಣ ಮತ್ತು ತಪ್ಪದೆ ದೊರೆಯುವ ಗುಳಿಗೆ. ಗುಳಿಗೆಯಿಂದ ಒತ್ತಡವು ಇಳಿದೊಡನೆ 'ಗುಣವಾಯಿತು' ಎಂದು ಅದನ್ನು ಬಿಟ್ಟುಬಿಡುವ ವಾಡಿಕೆ ನಮ್ಮಲ್ಲಿ ಬಲವಾಗಿದೆ. ಜ್ವರದ ಔಷಧಕ್ಕೆ ಸಲ್ಲುವ ಈ ನ್ಯಾಯವು ಒತ್ತಡದ ಔಷಧಕ್ಕೆ ಸಲ್ಲದೆಂಬದನ್ನು ರೋಗಿಗೆ ಒಮ್ಮೆ ಹೇಳಿದರೆ ಸಾಲದು. ಅವನ ಹೆಂಡತಿಗೂ ಮಗನಿಗೂ ಸೊಸೆಗೂ ಹತ್ತು ಸಲ ಹೇಳಬೇಕಾಗುವದು. ಅತ್ತ ಬಡವನು ಕೂಲಿ ಕಳೆದುಕೊಂಡು ಕೇಂದ್ರಕ್ಕೆ ಬಂದ ದಿನ ಗುಳಿಗೆಯು ಮುಗಿದಿದೆಯೆಂಬ ಉತ್ತರ ಸಿಕ್ಕರೆ ಅವನು ಮತ್ತೊಮ್ಮೆ ಬಾರನು.

ಶಿಬಿರಗಳ ವಿಷಯವಾಗಿ ನಮ್ಮದೊಂದು ಮಾತು. ವೇದಿಕೆ, ಹಾರ, ಸ್ವಾಗತಭಾಷಣ, ಅಧ್ಯಕ್ಷಭಾಷಣ, ವಂದನಾರ್ಪಣೆ ಇವೆಲ್ಲ ಮುಗಿದು ಮಧ್ಯಾಹ್ನ ಹನ್ನೊಂದಕ್ಕೆ ಒತ್ತಡ ನೋಡತೊಡಗಿದರೆ ಅಲ್ಲಿಗೆ ಬರುವವರು ಯಾರು? ಬಿಡುವುಳ್ಳ ಹಿರಿಯರೂ, ಈ ಮೊದಲೇ ಎರಡು ಸಲ ಪರೀಕ್ಷಿಸಿಕೊಂಡವರೂ. ನಾಲ್ವತ್ತರ ಹರೆಯದ ಗಂಡಸು, ಅವನೇ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವನು, ಆ ಹೊತ್ತಿಗೆ ಕಡಲಿನಲ್ಲಿಯೋ ಗದ್ದೆಯಲ್ಲಿಯೋ ರಿಕ್ಷಾದಲ್ಲಿಯೋ ಇರುತ್ತಾನೆ. ಕರಾವಳಿಯ ತಾಲೂಕುಗಳಲ್ಲಿ ಇದಕ್ಕೆ ಪರಿಹಾರವು ಪಂಚಾಂಗದಲ್ಲಿಯೇ ಇದೆ. ಜೂನ್ ಒಂದರಿಂದ ಜುಲೈ ಕಡೆಯ ವರೆಗೆ, ೬೧ ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಯ ನಿಷೇಧವಿರುತ್ತದೆ. ಆಗ ಸಾವಿರಾರು ಮಂದಿ ದಡದಲ್ಲಿಯೇ ಇದ್ದು ಬಲೆ ನೇಯುತ್ತಿರುತ್ತಾರೆ. ಬಲೆ ನೇಯುವ ಚಪ್ಪರಕ್ಕೆ ಒತ್ತಡದ ಯಂತ್ರವು ಹೋಗಬಾರದೇಕೆ? ಪರದೇಶದಲ್ಲಿ ದುಡಿಯುವವರು ರಜೆಯ ಮೇಲೆ ಮನೆಗೆ ಬಂದಾಗ ಮದುವೆಮುಂಜಿಗಳ ಜೊತೆಗೆ ಇದಕ್ಕೂ ಒಂದು ಗಳಿಗೆಯನ್ನು ಇಟ್ಟುಕೊಳ್ಳಬಾರದೇಕೆ? ಅಧಿಕಾರಿಗಳು ಕಚೇರಿಯ ವೇಳೆಯನ್ನು ಜನರ ವೇಳೆಗೆ ಹೊಂದಿಸಿಕೊಳ್ಳದೆ ಈ ಕಾರ್ಯವು ಸಾಗದು.

ಹೆದರಿಕೆಯನ್ನೇ ಶಿಕ್ಷಣವೆಂದು ತಿಳಿಯುವ ತಪ್ಪೂ ನಡೆದಿದೆ. ೨೦೨೧ರ ಅಕ್ಟೋಬರದಲ್ಲಿ ನಟ ಪುನೀತ್ ರಾಜಕುಮಾರರು ೪೬ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಜನಸಂದಣಿ ನೆರೆಯಿತು. ೨೦೨೫ರ ಜೂನ್-ಜುಲೈಯಲ್ಲಿ ಹಾಸನ ಜಿಲ್ಹೆಯ ಹೃದಯಾಘಾತದ ಸುದ್ದಿಗಳು ಹಬ್ಬಿದಾಗ ಮೈಸೂರು, ಬೆಂಗಳೂರುಗಳಲ್ಲಿ ಮತ್ತೆ ಅದೇ ಸಾಲು. ಸರಕಾರವು ನೇಮಿಸಿದ ತಜ್ಞರ ಸಮಿತಿಯು ಅಲ್ಲಿ ಅಸಾಧಾರಣವಾದ ಏರಿಕೆಯು ಕಂಡುಬಂದಿಲ್ಲವೆಂದೂ, ಮೃತರಲ್ಲಿ ಅನೇಕರಿಗೆ ಮಧುಮೇಹ, ರಕ್ತದೊತ್ತಡ, ಧೂಮಪಾನಗಳಂಥ ಹಿಂದಿನ ಕಾರಣಗಳಿದ್ದವೆಂದೂ ತಿಳಿಸಿತು. ಸಾಲು ಕೆಲವೇ ವಾರಗಳಲ್ಲಿ ಕರಗಿತು; ಕಾರಣಗಳು ಕರಗಲಿಲ್ಲ. ಆ ಸುದ್ದಿಗಳನ್ನು ದಪ್ಪಕ್ಷರಗಳಲ್ಲಿ ಮುದ್ರಿಸಿದ ನಮ್ಮ ವೃತ್ತಿಬಾಂಧವರೂ ಇದರಲ್ಲಿ ಪಾಲುಗಾರರೇ. ಪುನೀತರ ಹೆಸರಿನಲ್ಲಿ ನಡೆದಿರುವ 'ಹೃದಯ ಜ್ಯೋತಿ' ಯೋಜನೆಯ ವಿಷಯವನ್ನು ಅಷ್ಟೇ ದಪ್ಪಕ್ಷರಗಳಲ್ಲಿ ಮುದ್ರಿಸಿದ್ದರೆ ಉಪಕಾರವಾಗುತ್ತಿತ್ತು. ಎದೆನೋವು ಬಂದವನಿಗೆ ತಾಲೂಕು ಆಸ್ಪತ್ರೆಯಲ್ಲಿಯೇ ಇ.ಸಿ.ಜಿ. ತೆಗೆದು, ದೂರದ ತಜ್ಞರಿಗೆ ಅದನ್ನು ತೋರಿಸಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಬೆಲೆಬಾಳುವ ಸೂಜಿಮದ್ದನ್ನು ಪುಕ್ಕಟೆಯಾಗಿ ಕೊಟ್ಟು, ಅನಂತರ ದೊಡ್ಡ ಆಸ್ಪತ್ರೆಗೆ ಕಳಿಸುವದು ಅದರ ಉದ್ದೇಶ. ಮೊದಲ ಕೆಲವು ತಾಸುಗಳಲ್ಲಿ ಮಾತ್ರ ಈ ಮದ್ದಿಗೆ ಪೂರ್ಣಬಲ. ಎದೆನೋವನ್ನು 'ವಾಯು' ಎಂದು ತಿಳಿದು ಸೋಡಾ ಕುಡಿಸಿ ಬೆಳಗಿನ ವರೆಗೆ ಕಾಯಿಸುವ ಮನೆಗೆ ಮಣಿಪಾಲವು ಪಕ್ಕದಲ್ಲಿದ್ದರೂ ಪ್ರಯೋಜನವಿಲ್ಲ.

ತಪಾಸಣೆಯಿಂದ ಪ್ರಾಣ ಉಳಿಯುವದೇ ಎಂದು ಸಂಶಯಪಡುವವರಿಗೆ ದಕ್ಷಿಣದ ಎರಡು ಪ್ರಮಾಣಗಳಿವೆ. ತಿರುವನಂತಪುರ ಜಿಲ್ಹೆಯಲ್ಲಿ ೧೯೯೬ರಿಂದ ನಡೆದ ಪ್ರಯೋಗದಲ್ಲಿ ತರಬೇತಾದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿಯನ್ನು ಪರೀಕ್ಷಿಸಿದರು, ಅವರು ಡಾಕ್ಟರರಾಗಿರಲಿಲ್ಲ. ತಂಬಾಕು ಅಥವಾ ಮದ್ಯದ ಚಟವುಳ್ಳವರಲ್ಲಿ ಬಾಯಿಯ ಕ್ಯಾನ್ಸರಿನ ಮರಣವು ಶೇಕಡಾ ೩೪ರಷ್ಟು ತಗ್ಗಿತೆಂದು ೨೦೦೫ರಲ್ಲಿ ವರದಿಯಾಯಿತು. ತಮಿಳುನಾಡಿನ ದಿಂಡಿಗಲ್ ಜಿಲ್ಹೆಯಲ್ಲಿ ದಾದಿಯರು ಗರ್ಭಕೋಶದ ಕೊರಳಿಗೆ ಅಸೆಟಿಕ್ ಆಮ್ಲವನ್ನು ಲೇಪಿಸಿ ಬರಿಗಣ್ಣಿನಿಂದ ನೋಡುವ ಸುಲಭ ಪರೀಕ್ಷೆಯನ್ನು ಒಂದೇ ಸಲ ಮಾಡಿದುದರಿಂದ ಆ ಕ್ಯಾನ್ಸರಿನ ಮರಣವು ಶೇಕಡಾ ೩೫ರಷ್ಟು ಇಳಿಯಿತು. ಬೇಕಾದದ್ದು ಒಂದು ಬ್ಯಾಟರಿ ದೀಪ, ಒಂದು ಸೀಸೆ ಆಮ್ಲ, ತರಬೇತಾದ ಒಬ್ಬ ದಾದಿ, ಮತ್ತು ಪರದೆಯುಳ್ಳ ಒಂದು ಕೋಣೆ. ಈ ಕಡೆಯದನ್ನು ನಮ್ಮ ಅಧಿಕಾರಿಗಳು ಹಗುರಾಗಿ ಎಣಿಸುತ್ತಾರೆ. ಶಾಲೆಯ ಜಗಲಿಯಲ್ಲಿ, ಊರ ಗಂಡಸರು ಓಡಾಡುವಲ್ಲಿ, ಯಾವ ಗೃಹಿಣಿಯು ಇಂಥ ಪರೀಕ್ಷೆಗೆ ಒಪ್ಪುವಳು? ಹೆಂಗಸರು ಬರುವದಿಲ್ಲವೆಂದು ದೂರುವ ಮೊದಲು ಕೋಣೆಯ ಬಾಗಿಲಿಗೆ ಚಿಲಕವಿದೆಯೇ ಎಂದು ನೋಡತಕ್ಕದ್ದು.

ಇನ್ನು ಊಟದ ಮಾತು. ಈ ಜಿಲ್ಹೆಯಲ್ಲಿ ಉಪ್ಪಿನ ವಿರುದ್ಧ ಮಾತಾಡುವದೆಂದರೆ ನಾಲಗೆ ಸ್ವಲ್ಪ ತಡವರಿಸುತ್ತದೆ. ೧೯೩೦ರ ಏಪ್ರಿಲಿನಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದ ಜನ ನಾವು. ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ಬೆಳೆಯುವ ಜನ. ಹಿರಿಯರು ಹೋರಾಡಿದ್ದು ಬಡವನ ಗಂಜಿಗೆ ಉಪ್ಪಿಗಾಗಿ. ಬೇಕರಿಯ ತಿಂಡಿ, ಪೊಟ್ಟಣದ ಕುರುಕಲು, ಮೂರು ಬಗೆಯ ಉಪ್ಪಿನಕಾಯಿ, ಹಪ್ಪಳ, ಒಣಮೀನು ಎಲ್ಲವೂ ಒಂದೇ ದಿನ ಒಂದೇ ಹೊಟ್ಟೆಗೆ ಬೀಳಲೆಂದಲ್ಲ. ಒಬ್ಬನಿಗೆ ದಿನಕ್ಕೆ ೫ ಗ್ರಾಂ, ಅಂದರೆ ಚಹದ ಒಂದು ಚಮಚೆಯಷ್ಟು, ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ನಾವು ಅದಕ್ಕಿಂತ ಬಹಳ ಹೆಚ್ಚು ತಿನ್ನುತ್ತೇವೆ. ನೇಗಿಲು ಹೊಡೆದು, ದೋಣಿ ಎಳೆದು ಬೆವರು ಸುರಿಸಿದ ಅಜ್ಜನ ಊಟವನ್ನು ಕುರ್ಚಿಯಲ್ಲಿ ಕುಳಿತು ದಿನಗಳೆಯುವ ಮೊಮ್ಮಗನು ಉಣ್ಣುತ್ತಿದ್ದಾನೆ, ಅದರ ಮೇಲೆ ನಾಲ್ಕು ಸಲ ಸಕ್ಕರೆಯ ಚಹವನ್ನೂ ಕುಡಿಯುತ್ತಿದ್ದಾನೆ. ಪತ್ರಿಕಾ ಕಚೇರಿಯವರಾದ ನಾವೂ ಆ ಮೊಮ್ಮಕ್ಕಳ ಪಂಕ್ತಿಯವರೇ.

ಅಡಿಕೆಯ ಪ್ರಶ್ನೆಯು ಇದಕ್ಕಿಂತಲೂ ಕಠಿಣವಾದದ್ದು. ಜಗತ್ತಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಂಬಾಕು ಕೂಡಿದ ಕವಳವಷ್ಟೇ ಅಲ್ಲ, ಅಡಿಕೆಯೇ ಮನುಷ್ಯನಲ್ಲಿ ಕ್ಯಾನ್ಸರ್ ಹುಟ್ಟಿಸುವ ವಸ್ತುವೆಂದು ನಿರ್ಣಯಿಸಿತು. ಶಿರಸಿ, ಕುಮಟೆಗಳ ಪೇಟೆಯ ಮೇಲೆ ಜೀವಿಸುವ ಸಾವಿರಾರು ಕುಟುಂಬಗಳಿಗೆ ಈ ಮಾತು ಕರ್ಣಕಠೋರವಾಗಿದೆ. ಅದನ್ನು ಅಲ್ಲಗಳೆಯುವ ವಾದಗಳೂ ನಡೆದಿವೆ. ಬೆಳೆಗಾರನ ಮಾನಪ್ರಾಣಗಳನ್ನು ಲೆಕ್ಕಿಸದೆ ತೋಟವನ್ನು ಕಡಿಯೆಂದು ಹೇಳುವವರ ಗುಂಪಿಗೆ ನಾವು ಸೇರಿದವರಲ್ಲ. ಆದರೆ ಬೆಳೆಗಾರನ ಹಿತಕ್ಕಾಗಿ ವೈದ್ಯನ ಬಾಯಿಯನ್ನು ಮುಚ್ಚಿಸುವದೂ ನಮಗೆ ಒಪ್ಪಿಗೆಯಲ್ಲ. ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಳ್ಳುವ ಮುದುಕನಿಗಿಂತಲೂ, ಗುಟಕಾ ಜಗಿಯುತ್ತ ಶಾಲೆಗೆ ಹೋಗುವ ಹುಡುಗನು ನಮ್ಮ ಚಿಂತೆಗೆ ಮೊದಲ ಕಾರಣವಾಗಿದ್ದಾನೆ. ೨೦೧೩ರ ಮೇ ತಿಂಗಳಲ್ಲಿ ಕರ್ನಾಟಕ ಸರಕಾರವು ಗುಟಕಾವನ್ನು ನಿಷೇಧಿಸಿತು. ವ್ಯಾಪಾರಿಯು ಪಾನ್ ಮಸಾಲೆಯನ್ನೊಂದು ಪೊಟ್ಟಣದಲ್ಲಿಯೂ ತಂಬಾಕನ್ನು ಇನ್ನೊಂದರಲ್ಲಿಯೂ ತೂಗಹಾಕಿದನು. ಹುಡುಗನು ಎರಡನ್ನೂ ಕೊಂಡು ಅಂಗೈಯಲ್ಲಿ ಬೆರೆಸಿದನು. ಕಾಯಿದೆಗೆ ತೃಪ್ತಿಯಾಯಿತು, ರೋಗಕ್ಕೂ ತೃಪ್ತಿಯಾಯಿತು.

ಇಂಥ ಬಿಕ್ಕಟ್ಟನ್ನು ಬಿಡಿಸಿಕೊಂಡ ಸೀಮೆಯೊಂದಿದೆ. ಹೆಸರಿನಲ್ಲಿಯೂ ಅದು ನಮ್ಮ ಜಿಲ್ಹೆಗೆ ದಾಯಾದಿಯಂತಿದೆ: ಫಿನ್ಲೆಂಡ್ ದೇಶದ ಉತ್ತರ ಕರೇಲಿಯ. ಅಲ್ಲಿಯ ಗಂಡಸರು ನಡುವಯಸ್ಸಿನಲ್ಲಿಯೇ ಹೃದ್ರೋಗದಿಂದ ಸಾಯುವದು ಎಷ್ಟು ಹೆಚ್ಚಿತೆಂದರೆ ೧೯೭೧ರಲ್ಲಿ ಜನಪ್ರತಿನಿಧಿಗಳೇ ಸರಕಾರಕ್ಕೆ ಮನವಿ ಸಲ್ಲಿಸಿದರು. ೧೯೭೨ರಲ್ಲಿ ಪೆಕ್ಕಾ ಪುಸ್ಕಾ ಎಂಬ ತರುಣ ವೈದ್ಯನ ಮುಖಂಡತನದಲ್ಲಿ ಕಾರ್ಯವು ಮೊದಲಾಯಿತು. ಬೆಣ್ಣೆ, ಉಪ್ಪು, ಸಿಗರೇಟು, ಈ ಮೂರರ ಮೇಲೆ ಅವರ ಕಣ್ಣು. ಭಾಷಣಗಳಿಗಿಂತ ಹೆಚ್ಚಾಗಿ ಅವರು ಗೃಹಿಣಿಯರ ಸಂಘಗಳನ್ನು ನೆಚ್ಚಿದರು. ಹಳೆಯ ಅಡಿಗೆಯನ್ನೇ ಕಡಿಮೆ ಉಪ್ಪು, ಕಡಿಮೆ ಬೆಣ್ಣೆಯಲ್ಲಿ ಮಾಡಿ ಬಡಿಸಿ ತೋರಿಸಿದರು. ಹೈನಿನ ಮೇಲೆ ಬದುಕುವ ರೈತರು ಸಿಟ್ಟಾದಾಗ ಅವರನ್ನು ದೇಶದ್ರೋಹಿಗಳೆಂದು ಬೈಯಲಿಲ್ಲ. ಆ ನಾಡಿನಲ್ಲಿ ಒಗ್ಗುವ ಹಣ್ಣಿನ ಬೆಳೆಗೆ ತಿರುಗುವವರಿಗೆ ನೆರವಾದರು. ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಮರಣವು ನಾಲ್ಕು ದಶಕಗಳಲ್ಲಿ ಶೇಕಡಾ ೮೦ಕ್ಕಿಂತಲೂ ಹೆಚ್ಚು ತಗ್ಗಿತು. ಅಡಿಕೆ ತೋಟದ ನಡುವೆ ಕಾಳುಮೆಣಸು, ಏಲಕ್ಕಿ, ಜಾಯಿಕಾಯಿ, ಬಾಳೆಗಳನ್ನು ಬೆಳೆಯಬಲ್ಲ ನಮ್ಮ ರೈತನಿಗೆ ಈ ದಾರಿ ಹೊಸದೇನೂ ಅಲ್ಲ. ಬೇಕಾದದ್ದು ಸಹಕಾರಿ ಸಂಘಗಳ ದೂರದೃಷ್ಟಿ.

ಮದ್ಯದ ವಿಷಯದಲ್ಲಿ ಹೊರಗಿನ ಉದಾಹರಣೆಯ ಅವಶ್ಯಕತೆಯೂ ಇಲ್ಲ. ಅಂಕೋಲೆಯ ಬಡಗೇರಿಯ ಹಾಲಕ್ಕಿ ಸಮಾಜದ ಸುಕ್ರಿ ಬೊಮ್ಮಗೌಡರು ಅಕ್ಷರ ಬಲ್ಲವರಲ್ಲ. ಆದರೆ ಸಾರಾಯಿಯ ವಿರುದ್ಧ ತಮ್ಮ ಜನರನ್ನು ಎಬ್ಬಿಸಿದರು. ೨೦೦೭ರ ಜುಲೈಯಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಬಾಟಲಿಯ ಮದ್ಯವು ನಿಲ್ಲಲಿಲ್ಲ. ೨೦೧೭ರಲ್ಲಿ ಪದ್ಮಶ್ರೀ ಪಡೆದ ಆ ತಾಯಿ ೨೦೨೫ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಹಾಡುಗಳನ್ನು ಹೊಗಳಿದಷ್ಟು ಅವರ ಆ ಹೋರಾಟವನ್ನು ನಮ್ಮ ಮುಖಂಡರು ಹೊಗಳುವದಿಲ್ಲ, ಕಾರಣವನ್ನು ವಾಚಕರು ಬಲ್ಲರು.

ಕಡೆಗೆ ಈ ಭಾರವೆಲ್ಲ ಬೀಳುವದು ಸಾವಿರ ಜನಸಂಖ್ಯೆಗೊಬ್ಬಳಂತಿರುವ ಆಶಾ ಕಾರ್ಯಕರ್ತೆಯ ಮೇಲೆ. ಬಸುರಿ ಬಾಣಂತಿಯರನ್ನು ನೋಡುವವಳೂ ಅವಳೇ, ಕೂಸುಗಳ ಲಸಿಕೆಗೆ ಓಡಾಡುವವಳೂ ಅವಳೇ, ಮಳೆಗಾಲದ ಜ್ವರಗಳ ಪಟ್ಟಿ ಮಾಡುವವಳೂ ಅವಳೇ. ಈಗ ಟೇಪು ಹಿಡಿದು ಸುತ್ತಳತೆ ನೋಡುವವಳೂ ಅವಳೇ. ೨೦೨೫ರ ಜನವರಿಯಲ್ಲಿ ಸಾವಿರಾರು ಆಶೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತು ಕೇಳಿಕೊಂಡದ್ದು ತಿಂಗಳಿಗೆ ೧೫,೦೦೦ ರೂಪಾಯಿಗಳ ಗೌರವಧನವನ್ನು. ಸರಕಾರವು ೧೦,೦೦೦ದ ಆಶ್ವಾಸನೆಯನ್ನು ಕೊಟ್ಟು ಅವರನ್ನು ಊರಿಗೆ ಕಳಿಸಿತು. ಊರಿನ ಹೃದಯವನ್ನು ಕಾಯುವವಳನ್ನು ನೌಕರಳೆಂದು ಕರೆಯಲೂ ಒಪ್ಪದೆ ಸ್ವಯಂಸೇವಕಿಯೆಂದು ಕರೆಯುವ ಈ ಕ್ರಮವು ಎಷ್ಟು ದಿನ ನಡೆಯುವದೋ ತಿಳಿಯದು.

ಕಾಯ್ಕಿಣಿಯ ಗ್ರಾಮ ಪಂಚಾಯಿತಿಯಂಥ ಪಂಚಾಯಿತಿಗಳು ಹಣವಿಲ್ಲದೆಯೂ ಮಾಡಬಹುದಾದ ಒಂದು ಕೆಲಸವನ್ನು ನಾವು ಸೂಚಿಸುತ್ತೇವೆ. ಗ್ರಾಮಸಭೆಯಲ್ಲಿ ರಸ್ತೆ, ಬಾವಿ, ಮನೆಗಳ ಲೆಕ್ಕವನ್ನು ಓದುವಂತೆ, ಯಾರ ಹೆಸರನ್ನೂ ಎತ್ತದೆ, ನಾಲ್ಕು ಸಂಖ್ಯೆಗಳನ್ನು ಓದಲಿ: ಊರಿನಲ್ಲಿ ಮೂವತ್ತು ದಾಟಿದವರೆಷ್ಟು, ಅವರಲ್ಲಿ ಈ ವರು​ಷ ಪರೀಕ್ಷೆಯಾದವರೆಷ್ಟು, ಒತ್ತಡ ಅಥವಾ ಸಕ್ಕರೆಯುಳ್ಳವರೆಂದು ಗೊತ್ತಾದವರಲ್ಲಿ ಕಳೆದ ತಿಂಗಳು ಗುಳಿಗೆ ಒಯ್ದವರೆಷ್ಟು, ಹತೋಟಿಗೆ ಬಂದವರೆಷ್ಟು. ಕಡೆಯ ಎರಡು ಸಂಖ್ಯೆಗಳನ್ನು ಕೇಳಿದಾಗ ಸಭೆಯಲ್ಲಿ ಯಾರು ಯಾರನ್ನು ಪ್ರಶ್ನಿಸಬೇಕೆಂಬದು ತಾನಾಗಿ ಹೊರಬೀಳುವದು. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಆರೋಗ್ಯಾಧಿಕಾರಿಗಳು ಇಂಥ ಲೆಕ್ಕವನ್ನು ಪಂಚಾಯಿತಿವಾರಾಗಿ ಕಳಿಸಿಕೊಟ್ಟರೆ ಅದನ್ನು ಮೂರು ತಿಂಗಳಿಗೊಮ್ಮೆ ಈ ಪುಟದಲ್ಲಿಯೇ ಪ್ರಕಟಿಸಲು ನಾವು ಸಿದ್ಧರಿದ್ದೇವೆ.